ಆಕ್ಸಿಜನ್ ಕೊಟ್ಟರೂ 85: ಮೈಲುತುತ್ತದ ನೀರು ಕುಡಿದವನ ಪ್ರಕರಣ

ಮಲೆನಾಡಿನ ಕ್ಯಾಶುವಾಲ್ಟಿಯಲ್ಲಿ ‘ಔಷಧಿ ಕುಡಿದಿದ್ದಾರೆ’ ಎಂಬ ಮಾತಿಗೆ ಅರ್ಥ ಒಂದಲ್ಲ. ಗದ್ದೆಯ ಹುಳಕ್ಕೆ ಹೊಡೆಯುವುದೂ ಔಷಧಿ, ಕಳೆಗೆ ಹೊಡೆಯುವುದೂ ಔಷಧಿ, ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣವೂ ಔಷಧಿಯೇ. ಡ್ಯೂಟಿ ಡಾಕ್ಟರ ಕಿವಿಗೆ ಮಾತ್ರ ಎಲ್ಲವೂ ಆರ್ಗನೋಫಾಸ್ಫರಸ್ (ಓಪಿ) ಕೀಟನಾಶಕ ಎಂದೇ ಕೇಳಿಸುತ್ತದೆ. ಕೈ ತಾನಾಗಿ ಅದರ ಮದ್ದಾದ ಅಟ್ರೋಪಿನ್ ಟ್ರೇಯ ಕಡೆ ಹೋಗುತ್ತದೆ. ಈ ಪ್ರಕರಣವೂ ಹಾಗೇ ಶುರುವಾಗುತ್ತದೆ.

ತುರ್ತು ವಿಭಾಗದಲ್ಲಿ ಕೆಲಸ ಮಾಡುವ ವೈದ್ಯರ ತರಬೇತಿಗಾಗಿ ಹೆಣೆದ ಪ್ರಕರಣ ಇದು, ಯಾವುದೇ ಒಬ್ಬ ರೋಗಿಯ ಕಡತವಲ್ಲ. ಮೈಲುತುತ್ತವೆಂದರೆ ತಾಮ್ರದ ಸಲ್ಫೇಟ್; ಆ ತಾಮ್ರದ ವಿಷ ಮೈಯಲ್ಲಿ ಸಾಗುವ ದಾರಿಗೆ ತಕ್ಕಂತೆ ಹೊತ್ತು, ಅಂಕಿಗಳನ್ನು ಜೋಡಿಸಿದೆ.

ತೋಟದಲ್ಲಿ ಆದದ್ದು

ಜುಲೈ ನಡುಭಾಗ. ಎರಡು ದಿನ ಮಳೆ ಹೊಳವಾಗಿದೆ, ಎರಡನೇ ಸಲದ ಔಷಧಿ ಹೊಡೆಯುವ ಗಡಿಬಿಡಿ. ಶೇ 1ರ ಬೋರ್ಡೋಗೆ ಲೆಕ್ಕ ಎಲ್ಲರಿಗೂ ಬಾಯಿಪಾಠ: 1 ಕೆ.ಜಿ. ಮೈಲುತುತ್ತ, 1 ಕೆ.ಜಿ. ಸುಣ್ಣ, 100 ಲೀಟರ್ ನೀರು. ಹರಳು ಬೇಗ ಕರಗುವುದಿಲ್ಲವೆಂದು ಹಿಂದಿನ ರಾತ್ರಿಯೇ ತುತ್ತವನ್ನು ಚೀಲದಲ್ಲಿ ಕಟ್ಟಿ ಪ್ಲಾಸ್ಟಿಕ್ ಬಕೆಟ್ಟಿನ ನೀರಿಗೆ ಇಳಿಬಿಡುತ್ತಾರೆ. ಇಲ್ಲಿ 200 ಲೀಟರ್ ಡ್ರಮ್ಮಿಗೆ ಬೇಕಾದ 2 ಕೆ.ಜಿ.ಯನ್ನು 10 ಲೀಟರ್ ನೀರಿನಲ್ಲಿ ಕರಗಿಸಿದ್ದರು. ಅಂದರೆ ಸುಮಾರು ಶೇ 20ರ ತುತ್ತದ ನೀರು, ಸುಣ್ಣ ಇನ್ನೂ ಸೇರಿಲ್ಲ. ಹೆಚ್ಚಾದ ಅರ್ಧ ಲೀಟರನ್ನು ಯಾರೋ ಸ್ಟೀಲ್ ಬಾಟಲಿಗೆ ಹುಯ್ದು ತೋಟದ ಮನೆಯ ಕಟ್ಟೆಯ ಮೇಲೆ ಇಟ್ಟಿದ್ದರು. ಗಾಜಿನ ಬಾಟಲಿಯಾಗಿದ್ದರೆ ಆ ನೀಲಿಯನ್ನು ನೋಡಿ ಯಾರೂ ಬಾಯಿಗಿಡುತ್ತಿರಲಿಲ್ಲ.

ಬೆಳಿಗ್ಗೆ 7.10ಕ್ಕೆ 42 ವರ್ಷದ, 58 ಕೆ.ಜಿ. ತೂಕದ ಕೆಲಸಗಾರ ಅದನ್ನು ನೀರೆಂದು ಎತ್ತಿ ಕುಡಿದ. ಎರಡು ಗುಟುಕು ಒಳಗೆ ಹೋಯಿತು, ಮೂರನೆಯದನ್ನು ಉಗಿದ. ಎರಡು ಗುಟುಕೆಂದರೆ 50 ಮಿ.ಲೀ. ಆಸುಪಾಸು, ಹತ್ತು ಗ್ರಾಂ ತುತ್ತ. ಈ ಲೆಕ್ಕದ ಉಪಯೋಗ ಇಷ್ಟೇ: ಇದು ಸಣ್ಣ ವಿಷವಲ್ಲ ಎಂದು ಮೊದಲ ನಿಮಿಷದಲ್ಲೇ ಗಟ್ಟಿ ಮಾಡಿಕೊಳ್ಳುವುದು. ವಾಂತಿಯಲ್ಲಿ ಎಷ್ಟು ಹೊರಗೆ ಹೋಯಿತೆಂದು ಯಾರೂ ಅಳೆಯಲಾರರು, ಅದನ್ನು ನಂಬಿ ಮನೆಗೆ ಕಳಿಸುವಂತಿಲ್ಲ.

ಐದು ನಿಮಿಷದೊಳಗೆ ಹಸಿರು ನೀಲಿ ಬಣ್ಣದ ವಾಂತಿ, ನಾಲ್ಕು ಸಲ. ಮನೆಯವರು ‘ಎಲ್ಲ ಹೊರಗೆ ಬರಲಿ’ ಎಂದು ಒಂದು ಚೊಂಬು ಉಪ್ಪುನೀರು ಕುಡಿಸಿದರು. ಇದು ಎರಡು ಬಗೆಯಲ್ಲಿ ಕೆಟ್ಟದ್ದು. ಸುಟ್ಟ ಅನ್ನನಾಳವನ್ನು ಅದೇ ದ್ರವ ಮತ್ತೊಮ್ಮೆ ಹಾದುಹೋಗುತ್ತದೆ. ಜೊತೆಗೆ ರಕ್ತದ ಸೋಡಿಯಂ ಏರುತ್ತದೆ. ಹಾಲು, ಮೊಟ್ಟೆಯ ಬಿಳಿ ಭಾಗ ಕೊಡಬೇಕೆಂಬ ಮಾತು ಹಳೆಯ ಪುಸ್ತಕಗಳಲ್ಲಿದೆ. ತಾನಾಗಿ ವಾಂತಿ ಮಾಡುತ್ತಿರುವವನಿಗೆ ಏನನ್ನೂ ಕುಡಿಸದೆ, ಎಡಮಗ್ಗುಲಿಗೆ ಮಲಗಿಸಿಕೊಂಡು ಬಂದರೆ ಸಾಕು.

ತಾಲೂಕು ಆಸ್ಪತ್ರೆ, 8.40

‘ಏನು ಕುಡಿದ್ರು?’
‘ಔಷಧಿ ಡಾಕ್ಟ್ರೇ. ತೋಟಕ್ಕೆ ಹೊಡಿಯೋದು.’

ಅಲ್ಲಿಗೆ ಪ್ರಶ್ನೆ ಮುಗಿಯಿತು. ಕೇಸ್ ಶೀಟಿನಲ್ಲಿ ‘ಓಪಿ ಪಾಯ್ಸನಿಂಗ್’ ಎಂದು ಬಿತ್ತು. ಮುಂದೆ ಒಂದು ಪ್ರಶ್ನಾರ್ಥಕ ಚಿಹ್ನೆಯೂ ಇಲ್ಲ. 0.6 ಮಿ.ಗ್ರಾಂನ ಮೂರು ಆಂಪೂಲ್ ಅಟ್ರೋಪಿನ್ ಹೋಯಿತು.

ಆ ಹೊತ್ತಿನಲ್ಲಿ ರೋಗಿ ಹೇಗಿದ್ದ? ಪೂರ್ತಿ ಎಚ್ಚರ. ನಾಡಿ 112, ಬಿಪಿ 106/70, ಉಸಿರು ನಿಮಿಷಕ್ಕೆ 22, ರಕ್ತದ ಆಕ್ಸಿಜನ್ ಸ್ಯಾಚುರೇಷನ್ ಶೇ 96. ಕಣ್ಣಿನ ಪಾಪೆ ಎರಡೂ 3 ಮಿ.ಮೀ., ಬೆಳಕಿಗೆ ಕುಗ್ಗುತ್ತವೆ. ಬೆವರಿಲ್ಲ, ಜೊಲ್ಲಿಲ್ಲ, ಎದೆಯಲ್ಲಿ ಗೊರಗೊರ ಇಲ್ಲ, ಸ್ನಾಯುಗಳ ಮಿಡಿತವಿಲ್ಲ. ಎದೆಗುಳಿಯ ಕೆಳಗೆ ಮುಟ್ಟಿದರೆ ನೋವು. ತುಟಿಯ ಅಂಚಿನಲ್ಲಿ, ಅಂಗಿಯ ಎದೆಯ ಮೇಲೆ ಹಸಿರು ನೀಲಿ ಕಲೆ. ಓಪಿಯ ಪರವಾಗಿ ಇಲ್ಲಿ ಒಂದೇ ಒಂದು ಲಕ್ಷಣವೂ ಇಲ್ಲ. ವಾಂತಿ ಇದೆ, ಸರಿ. ಯಾವ ವಿಷಕ್ಕೆ ವಾಂತಿಯಾಗುವುದಿಲ್ಲ?

1.8 ಮಿ.ಗ್ರಾಂ ಅಟ್ರೋಪಿನ್ ಪ್ರಾಣ ತೆಗೆಯುವುದಿಲ್ಲ, ಆದರೆ ಮುಂದಿನ ಆರು ಗಂಟೆಯ ಓದನ್ನೆಲ್ಲ ಕಲಸಿಬಿಡುತ್ತದೆ. ನಾಡಿ 138ಕ್ಕೆ ಏರಿತು. ಇದು ನೀರು ಕಳೆದುಕೊಂಡದ್ದರಿಂದಲೋ, ರಕ್ತಕಣ ಒಡೆಯುತ್ತಿರುವುದರಿಂದಲೋ, ಔಷಧದಿಂದಲೋ ಹೇಳುವವರಿಲ್ಲ. ರೋಗಿ ಚಡಪಡಿಸತೊಡಗಿದ, ಮೆದುಳಿಗೆ ಆಮ್ಲಜನಕ ಸಾಲದೆ ಆದ ಚಡಪಡಿಕೆಯೂ ಹೀಗೇ ಕಾಣುತ್ತದೆ. ಎಲ್ಲಕ್ಕಿಂತ ತೊಡಕಿನದು ಮೂತ್ರ. ಅಟ್ರೋಪಿನ್‌ಗೆ ಮೂತ್ರಕೋಶ ಕಟ್ಟಿಕೊಳ್ಳುತ್ತದೆ, ಮೂತ್ರಪಿಂಡ ಸೋಲಲಿರುವ ರೋಗಿಯಲ್ಲಿ ‘ಮೂತ್ರ ಬಂದಿಲ್ಲ’ ಎಂಬ ಮಾತಿನ ಬೆಲೆ ಅರ್ಧಕ್ಕಿಳಿಯುತ್ತದೆ. ಕೊಟ್ಟು ಆಗಿದ್ದರೆ ಕೂಡಲೇ ಕ್ಯಾಥೆಟರ್ ಹಾಕಿ ಅಳತೆ ಶುರುಮಾಡಬೇಕು.

ಕೇಳಬೇಕಿದ್ದ ಪ್ರಶ್ನೆಗಳನ್ನು 9.15ಕ್ಕೆ ಸ್ಟಾಫ್ ನರ್ಸ್ ಕೇಳಿದರು. ಊರಿನವರೇ ಆದ್ದರಿಂದ ಅವರಿಗೆ ಆ ಬಣ್ಣದ ಗುರುತಿತ್ತು.

‘ಅಣ್ಣಾ, ಬೋರ್ಡೋನಾ? ಸುಣ್ಣ ಹಾಕಿದ್ದೋ, ಬರೀ ತುತ್ತದ ನೀರೋ?’
‘ಬರೀ ತುತ್ತದ್ದು ಅಕ್ಕಾ. ಸುಣ್ಣ ಇನ್ನೂ ಕಲಸಿರ್ಲಿಲ್ಲ.’

ಇಡೀ ಚಿಕಿತ್ಸೆಯ ದಿಕ್ಕನ್ನು ತಿರುಗಿಸುವ ಉತ್ತರ ಅದು. ಸುಣ್ಣ ಸರಿಯಾಗಿ ಬೆರೆತ ಬೋರ್ಡೋದಲ್ಲಿ ತಾಮ್ರದ ಬಹುಪಾಲು ಕರಗದ ರೂಪದಲ್ಲಿರುತ್ತದೆ, ಶೇ 1ರಷ್ಟು ತೆಳುವೂ ಆಗಿರುತ್ತದೆ. ಅದನ್ನೂ ಹಗುರಾಗಿ ನೋಡುವಂತಿಲ್ಲ, ಜಠರದ ಆಮ್ಲದಲ್ಲಿ ಒಂದಷ್ಟು ಮತ್ತೆ ಕರಗುತ್ತದೆ. ಆದರೆ ಬರೀ ತುತ್ತದ ನೀರಿನ ಮಾತೇ ಬೇರೆ. ಅಲ್ಲಿ ಇರುವ ತಾಮ್ರವೆಲ್ಲ ಕರಗಿದ ತಾಮ್ರ.

ನೀಲಿ ವಾಂತಿಗೆ ಇನ್ನೊಬ್ಬ ವಾರಸುದಾರ

ಹಸಿರು ನೀಲಿ ವಾಂತಿ ಕಂಡ ಕೂಡಲೇ ತಾಮ್ರ ಎಂದು ಬರೆಯುವುದೂ ಆತುರವೇ. ಕಳೆನಾಶಕ ಪ್ಯಾರಾಕ್ವಾಟ್‌ಗೂ ಇಂಥದೇ ಬಣ್ಣ ಬೆರೆಸಿರುತ್ತಾರೆ, ಅಡಿಕೆ ತೋಟದ ಮನೆಗಳಲ್ಲಿ ಅದೂ ಇರುತ್ತದೆ. ಎರಡಕ್ಕೂ ಬಾಯಿ, ಗಂಟಲು ಸುಡುತ್ತದೆ, ಎರಡರಲ್ಲೂ ಮೂತ್ರಪಿಂಡ ಸೋಲುತ್ತದೆ. ಚಿಕಿತ್ಸೆ ಮಾತ್ರ ಎದುರುಬದುರು: ಪ್ಯಾರಾಕ್ವಾಟ್‌ನಲ್ಲಿ ಬೇಡದ ಆಕ್ಸಿಜನ್ ಶ್ವಾಸಕೋಶವನ್ನು ಇನ್ನಷ್ಟು ಸುಡುತ್ತದೆ, ತಾಮ್ರದಲ್ಲಿ ಆಕ್ಸಿಜನ್ ಧಾರಾಳವಾಗಿ ಕೊಡಬೇಕು.

ಬಾಟಲಿ ತರಿಸಿ ನೋಡುವುದೇ ಒಳ್ಳೆಯ ದಾರಿ. ಅದು ಬರುವವರೆಗೆ ಪ್ಯಾರಾಕ್ವಾಟ್‌ಗೆ ಮೂತ್ರದ ಡೈಥಯೊನೈಟ್ ಪರೀಕ್ಷೆ ಇದೆ. 10 ಮಿ.ಲೀ. ಮೂತ್ರಕ್ಕೆ ಸುಮಾರು 1 ಗ್ರಾಂ ಸೋಡಿಯಂ ಬೈಕಾರ್ಬೊನೇಟ್, 1 ಗ್ರಾಂ ಸೋಡಿಯಂ ಡೈಥಯೊನೈಟ್ ಹಾಕಿದರೆ, ಪ್ಯಾರಾಕ್ವಾಟ್ ಇದ್ದಲ್ಲಿ ನೀಲಿಯಾಗುತ್ತದೆ. ತಾಮ್ರಕ್ಕೆ ಪರೀಕ್ಷೆ ಇನ್ನೂ ಸುಲಭ, ಅದು ರೈತರದ್ದೇ. ಬೋರ್ಡೋ ಹದವಾಗಿದೆಯೇ ಎಂದು ನೋಡಲು ಅವರು ಉಜ್ಜಿ ತೊಳೆದ ಕಬ್ಬಿಣದ ಕತ್ತಿಯನ್ನು ದ್ರಾವಣದಲ್ಲಿ ಅದ್ದುತ್ತಾರೆ. ಅಲಗಿಗೆ ಕೆಂಪು ಲೇಪ ಹತ್ತಿದರೆ ತಾಮ್ರ ಇನ್ನೂ ಬಿಡುವಾಗಿದೆ, ಸುಣ್ಣ ಸಾಲದು ಎಂದರ್ಥ. ವಾಂತಿ ಹಿಡಿದ ಕಿಡ್ನಿ ಟ್ರೇಯಲ್ಲಿ ಉಜ್ಜಿದ ಕಬ್ಬಿಣದ ಮೊಳೆಯೊಂದನ್ನು ಎರಡು ನಿಮಿಷ ಬಿಟ್ಟರೆ ಅದೇ ಕೆಂಪು ಲೇಪ ಕಾಣುತ್ತದೆ. ಸ್ಟೇನ್‌ಲೆಸ್ ಸ್ಟೀಲ್ ಬೇಡ, ಕಬ್ಬಿಣವೇ ಬೇಕು. ಲೇಪ ಬಂದರೆ ತಾಮ್ರವಿದೆ. ಬಾರದಿದ್ದರೆ ಇಲ್ಲವೆಂದು ಹೇಳಲಾಗದು, ಸಾಕಷ್ಟು ತೆಳುವಾಗಿರಬಹುದು.

ಹೊಟ್ಟೆ ತೊಳೆಯುವ ಮಾತು ಇಲ್ಲಿ ಏಳಬಾರದು. ಧಾರಾಳ ವಾಂತಿ ಆಗಿದೆ, ಒಳಪೊರೆ ಸುಟ್ಟಿದೆ, ಕುರುಡಾಗಿ ಇಳಿಸುವ ದಪ್ಪ ಟ್ಯೂಬು ತೂತು ಮಾಡಬಹುದು. ಇದ್ದಿಲು ಲೋಹಗಳನ್ನು ಸರಿಯಾಗಿ ಹಿಡಿಯುವುದಿಲ್ಲ, ನಾಳೆ ಎಂಡೋಸ್ಕೋಪಿ ಮಾಡುವವರ ಕಣ್ಣಿಗೆ ಮಸಿ ಬಳಿಯುತ್ತದೆ. ಬಾಯಿಗೆ ಏನೂ ಬೇಡ. 18 ಗೇಜಿನ ಎರಡು ಐವಿ ಲೈನು, ಪ್ಯಾಂಟೊಪ್ರಜೋಲ್ 40 ಮಿ.ಗ್ರಾಂ, ಆಂಡಾನ್ಸೆಟ್ರಾನ್ 4 ಮಿ.ಗ್ರಾಂ, ಒಂದು ಲೀಟರ್ ನಾರ್ಮಲ್ ಸಲೈನ್. ಈ ಭಾಗ ಚೆನ್ನಾಗಿಯೇ ನಡೆಯಿತು.

11 ಗಂಟೆ: ಏರದ ಅಂಕಿ

10.15ಕ್ಕೆ ಸ್ಯಾಚುರೇಷನ್ 91. ಮಾಸ್ಕ್ ಹಾಕಿದರು. 11ಕ್ಕೆ 85. ನಾನ್-ರಿಬ್ರೀದರ್ ಮಾಸ್ಕಿನಲ್ಲಿ 15 ಲೀಟರ್ ಕೊಟ್ಟರು, ಮತ್ತೆ 85. ಬೆರಳು ಬದಲಿಸಿದರು, ಪ್ರೋಬ್ ಬದಲಿಸಿದರು, 84, 85. ತುಟಿ ಬೂದುಗಪ್ಪು. ಆದರೆ ಉಸಿರಾಟ ಅಷ್ಟೇನೂ ಕಷ್ಟದಲ್ಲಿಲ್ಲ, ಎದೆ ಎರಡೂ ಕಡೆ ಶುದ್ಧ, ಎಕ್ಸ್-ರೇ ಶುದ್ಧ.

ತರಗತಿಯಲ್ಲಾದರೆ ಇಲ್ಲಿ ನಿಲ್ಲಿಸಿ ಕೇಳಬೇಕು: ಮುಂದೇನು? ಹೆಚ್ಚಿನವರು ‘ಆಸ್ಪಿರೇಷನ್, ಇಂಟ್ಯುಬೇಟ್ ಮಾಡೋಣ’ (ವಾಂತಿ ಶ್ವಾಸಕೋಶಕ್ಕೆ ಹೋಗಿದೆ, ಉಸಿರುನಾಳಕ್ಕೆ ಟ್ಯೂಬು ಹಾಕೋಣ) ಎನ್ನುತ್ತಾರೆ. ಟ್ಯೂಬು ಹಾಕಿ ಶೇ 100 ಆಕ್ಸಿಜನ್ ಕೊಟ್ಟರೂ ಅಂಕಿ 85ರಲ್ಲೇ ನಿಲ್ಲುತ್ತಿತ್ತು, ಗಾಬರಿ ಮಾತ್ರ ಏರುತ್ತಿತ್ತು.

ಪಲ್ಸ್ ಆಕ್ಸಿಮೀಟರ್ ಎರಡು ಬೆಳಕುಗಳನ್ನು ಹಾಯಿಸಿ ನೋಡುತ್ತದೆ, 660 ಮತ್ತು 940 ನ್ಯಾನೊಮೀಟರ್. ಆಕ್ಸಿಜನ್ ಹೊತ್ತ ಹೀಮೊಗ್ಲೋಬಿನ್ ಒಂದನ್ನು ಹೆಚ್ಚು ಹೀರುತ್ತದೆ, ಹೊರದದ್ದು ಇನ್ನೊಂದನ್ನು. ಈ ಎರಡರ ಅನುಪಾತದಿಂದ ಯಂತ್ರ ಅಂಕಿ ಕಟ್ಟುತ್ತದೆ. ತಾಮ್ರದಂಥ ವಿಷದಿಂದ ಕೆಟ್ಟು ಆಕ್ಸಿಜನ್ ಹೊರಲಾರದಾದ ಹೀಮೊಗ್ಲೋಬಿನ್, ಅಂದರೆ ಮೆಟ್‌ಹೀಮೊಗ್ಲೋಬಿನ್, ಎರಡನ್ನೂ ಹೆಚ್ಚುಕಡಿಮೆ ಸಮವಾಗಿ ಹೀರುವುದರಿಂದ ಅನುಪಾತ 1ರ ಹತ್ತಿರ ಬರುತ್ತದೆ, ಯಂತ್ರದ ಕೋಷ್ಟಕದಲ್ಲಿ 1ಕ್ಕೆ ಎದುರಾಗಿ ಇರುವುದು 85. ಹಾಗಾಗಿ ಮೆಟ್‌ಹೀಮೊಗ್ಲೋಬಿನ್ ಶೇ 35 ಇರಲಿ, 55 ಇರಲಿ, ತೆರೆ 85ರ ಸುತ್ತಲೇ ಸುಳಿದಾಡುತ್ತದೆ. ಅದು ಅಳತೆಯಲ್ಲ, ಯಂತ್ರ ಕೈಚೆಲ್ಲಿದ ಗುರುತು. ಅಂಕಿ 85ರಲ್ಲಿ ನಿಂತಿದೆಯೆಂದು ‘ಸ್ಟೇಬಲ್’ ಎಂದು ಬರೆಯುವುದು ಅತಿ ದೊಡ್ಡ ತಪ್ಪು.

ತಾಲೂಕಿನಲ್ಲಿ ಎಬಿಜಿ (ಅಪಧಮನಿಯ ರಕ್ತದ ಅನಿಲ ಪರೀಕ್ಷೆ) ಯಂತ್ರ ಇರಲಿಲ್ಲ. ಬೇಕಾದದ್ದು ಬಿಳಿ ಫಿಲ್ಟರ್ ಪೇಪರ್, ಅಷ್ಟೇ. ರೋಗಿಯ ರಕ್ತದ ಒಂದು ತೊಟ್ಟು, ಪಕ್ಕದಲ್ಲಿ ಆರೋಗ್ಯವಂತರೊಬ್ಬರ ಒಂದು ತೊಟ್ಟು. ಎರಡು ನಿಮಿಷ ಗಾಳಿಗೆ ಆಡಿಸಿದರೆ ಆರೋಗ್ಯವಂತರದು ಕುಂಕುಮದ ಕೆಂಪಿಗೆ ತಿರುಗಿತು, ರೋಗಿಯದು ಹಳೆ ಬೆಲ್ಲದ ಕಂದಿನಲ್ಲೇ ಉಳಿಯಿತು. ಆಕ್ಸಿಜನ್ ಇಲ್ಲದ್ದರಿಂದ ಕಪ್ಪಾದ ರಕ್ತ ಗಾಳಿಗೆ ಕೆಂಪಾಗುತ್ತದೆ, ಮೆಟ್‌ಹೀಮೊಗ್ಲೋಬಿನ್ ತುಂಬಿದ ರಕ್ತ ಕೆಂಪಾಗುವುದಿಲ್ಲ. ಟ್ಯೂಬ್‌ಲೈಟಿನ ಕೆಳಗೆ, ಒಂದೇ ಕಾಗದದ ಮೇಲೆ ಎರಡನ್ನೂ ಇಟ್ಟು ನೋಡಬೇಕು. ಒಂಟಿ ತೊಟ್ಟಿನ ಬಣ್ಣವನ್ನು ನಂಬುವಂತಿಲ್ಲ.

ಎಲ್ಲಿಗೆ ಕಳಿಸುವುದು

ಮನೆಯವರು ಕೇಳುವುದು ‘ಶಿವಮೊಗ್ಗಕ್ಕೋ, ಮಣಿಪಾಲಕ್ಕೋ’ ಎಂದು. ಜುಲೈನಲ್ಲಿ ಆಗುಂಬೆಯ 14 ಹೇರ್‌ಪಿನ್ ತಿರುವುಗಳನ್ನು ವಾಂತಿ ಮಾಡುತ್ತಿರುವ ರೋಗಿಯೊಂದಿಗೆ ಇಳಿಯುವುದು ಕಷ್ಟ. ಆದರೂ ದಾರಿಗಿಂತ ಮೊದಲು ಫೋನಿನಲ್ಲಿ ಕೇಳಬೇಕಾದದ್ದು ಮೂರು: ಮೆಟ್‌ಹೀಮೊಗ್ಲೋಬಿನ್ ಇಳಿಸಲು ಶಿರೆಗೆ ಕೊಡುವ ಮೆಥಿಲಿನ್ ಬ್ಲೂ ಈಗ ಕೈಯಲ್ಲಿದೆಯೇ, ಮೆಟ್‌ಹೀಮೊಗ್ಲೋಬಿನ್ ಅಳೆಯುವ ಕೋ-ಆಕ್ಸಿಮೀಟರ್ ಇರುವ ಎಬಿಜಿ ಯಂತ್ರವಿದೆಯೇ, ರಾತ್ರಿ ರಕ್ತ ಮತ್ತು ಡಯಾಲಿಸಿಸ್ ಸಿಗುತ್ತದೆಯೇ. ಹಾಸಿಗೆ ಖಾಲಿ ಇದೆಯೇ ಎಂಬುದು ನಾಲ್ಕನೆಯ ಪ್ರಶ್ನೆ. ಉತ್ತರ ಶಿವಮೊಗ್ಗದ ಕಡೆಗೆ ಬಂತು. 11.40ಕ್ಕೆ 108 ಹೊರಟಿತು, 70 ಕಿ.ಮೀ., 1.30ಕ್ಕೆ ತಲುಪಿತು. ರೆಫರಲ್ ಚೀಟಿಯಲ್ಲಿ ಅಟ್ರೋಪಿನ್ ಕೊಟ್ಟ ಸಮಯ, ಪ್ರಮಾಣ ಎರಡನ್ನೂ ಬರೆದಿದ್ದರು. ತಪ್ಪನ್ನು ಮುಚ್ಚಿಡದೆ ಬರೆದದ್ದರಿಂದ ಅಲ್ಲಿನವರು ನಾಡಿಯನ್ನು ಸರಿಯಾಗಿ ಓದಿದರು.

ಮೆಥಿಲಿನ್ ಬ್ಲೂ, ಮತ್ತು ಅದು ಅರ್ಧಕ್ಕೆ ನಿಂತದ್ದು

ಎಬಿಜಿ: ಪಿಎಚ್ 7.30, ಬೈಕಾರ್ಬೊನೇಟ್ 17, ಲ್ಯಾಕ್ಟೇಟ್ 4.2, ರಕ್ತದಲ್ಲಿ ಕರಗಿದ ಆಕ್ಸಿಜನ್ ಒತ್ತಡ 268. ಯಂತ್ರ ಲೆಕ್ಕ ಹಾಕಿ ಕೊಟ್ಟ ಸ್ಯಾಚುರೇಷನ್ 99, ಬೆರಳಿನದು 85. ಕೋ-ಆಕ್ಸಿಮೀಟರ್ ಇಲ್ಲದ ಕಡೆಯೂ ಈ ಅಂತರವೊಂದೇ ಸಾಕು ಸುಳಿವಿಗೆ. ಇಲ್ಲಿ ಕೋ-ಆಕ್ಸಿಮೀಟರ್ ಇತ್ತು: ಮೆಟ್‌ಹೀಮೊಗ್ಲೋಬಿನ್ ಶೇ 34. ಹೀಮೊಗ್ಲೋಬಿನ್ 13.8, ಪಿಸಿವಿ (ರಕ್ತದಲ್ಲಿ ಕೆಂಪುಕಣಗಳ ಶೇಕಡಾ ಪಾಲು) 41, ಕ್ರಿಯಾಟಿನಿನ್ (ಮೂತ್ರಪಿಂಡ ಸೋತರೆ ಏರುವ ಅಂಕಿ) 1.0.

ಲಕ್ಷಣಗಳಿದ್ದು ಶೇ 20 ದಾಟಿದ್ದರೆ, ಲಕ್ಷಣಗಳಿಲ್ಲದೆಯೂ ಶೇ 30 ದಾಟಿದ್ದರೆ ಮೆಥಿಲಿನ್ ಬ್ಲೂ ಕೊಡುವುದು ರೂಢಿ. ರಕ್ತಹೀನತೆ ಇದ್ದರೆ ಇನ್ನೂ ಮೊದಲೇ. ಪ್ರಮಾಣ ಕೆ.ಜಿ.ಗೆ 1ರಿಂದ 2 ಮಿ.ಗ್ರಾಂ. ಶೇ 1ರ ಆಂಪೂಲಿನಲ್ಲಿ ಮಿ.ಲೀ.ಗೆ 10 ಮಿ.ಗ್ರಾಂ ಇರುತ್ತದೆ, 58 ಕೆ.ಜಿ.ಗೆ 1ರ ಲೆಕ್ಕದಲ್ಲಿ 58 ಮಿ.ಗ್ರಾಂ, 5.8 ಮಿ.ಲೀ. ಅದನ್ನು 50 ಮಿ.ಲೀ. ಶೇ 5 ಡೆಕ್ಸ್‌ಟ್ರೋಸ್‌ನಲ್ಲಿ ಬೆರೆಸಿ 5 ನಿಮಿಷದಲ್ಲಿ ಕೊಟ್ಟರು. ಸಲೈನ್‌ನಲ್ಲಿ ಬೆರೆಸಬಾರದು, ಕ್ಲೋರೈಡ್ ಇದ್ದರೆ ಅದು ಸರಿಯಾಗಿ ಕರಗುವುದಿಲ್ಲ. ಶಿರೆಯಿಂದ ಆಚೆ ಸೋರಿದರೆ ಚರ್ಮ ಕೊಳೆಯುತ್ತದೆ, ಲೈನು ಖಚಿತ ಮಾಡಿಕೊಂಡೇ ಶುರು.

ಆಂಪೂಲ್ ಹುಡುಕಲು ಹತ್ತು ನಿಮಿಷ ಹೋಯಿತು. ಅದು ಇರುವುದು ಸಾಮಾನ್ಯವಾಗಿ ಸರ್ಜರಿ ಓಟಿಯ ಕಪಾಟಿನಲ್ಲಿ, ತುರ್ತು ವಿಭಾಗದಲ್ಲಲ್ಲ. ಲ್ಯಾಬಿನಲ್ಲಿ ಸ್ಲೈಡಿಗೆ ಹಾಕುವ ಅದೇ ಹೆಸರಿನ ಬಣ್ಣದ ಬಾಟಲಿ ಬೇಗ ಸಿಗುತ್ತದೆ. ಅದನ್ನು ಶಿರೆಗೆ ಕೊಡುವಂತಿಲ್ಲ. ರೋಗಿ ಖಿನ್ನತೆಗೆ ಎಸ್‌ಎಸ್‌ಆರ್‌ಐ ಮಾತ್ರೆ ತೆಗೆದುಕೊಳ್ಳುತ್ತಿದ್ದಾನೆಯೇ ಎಂದು ಕೇಳಬೇಕು, ಸೆರೊಟೊನಿನ್ ವಿಷಪರಿಣಾಮದ ಭಯವಿದೆ. ಕೆಂಪು ರಕ್ತಕಣವನ್ನು ಕಾಯುವ ಜಿ6ಪಿಡಿ ಕಿಣ್ವದ ಕೊರತೆಯ ಸುಳಿವನ್ನೂ ಕೇಳಬೇಕು: ಮಲೇರಿಯಾ ಮಾತ್ರೆಗೋ ಬೇರೆ ಔಷಧಕ್ಕೋ ಕಪ್ಪು ಮೂತ್ರ ಹೋದದ್ದು ನೆನಪಿದೆಯೇ, ಮನೆಯಲ್ಲಿ ಯಾರಿಗಾದರೂ? ಇನ್ನೊಂದು ಮಾತನ್ನು ನರ್ಸ್‌ಗಳಿಗೆ ಮೊದಲೇ ಹೇಳಿಡಬೇಕು. ಬಣ್ಣ ಒಳಗೆ ಹೋದ ನಿಮಿಷದಲ್ಲಿ ಆಕ್ಸಿಮೀಟರ್ 60ರ ಆಸುಪಾಸಿಗೆ ಬೀಳುತ್ತದೆ. ಬಿದ್ದದ್ದು ರೋಗಿಯಲ್ಲ, ಯಂತ್ರದ ಕಣ್ಣಿಗೆ ನೀಲಿ ಅಡ್ಡ ಬಂದಿದೆ. ಹೇಳದೆ ಬಿಟ್ಟರೆ ಕೈಯಿಂದ ಉಸಿರು ಒತ್ತುವ ಅಂಬು ಬ್ಯಾಗು ಹೊರಬರುತ್ತದೆ.

ಒಂದು ಗಂಟೆಯ ನಂತರ ಮೆಟ್‌ಹೀಮೊಗ್ಲೋಬಿನ್ 21. ಮತ್ತೆ 58 ಮಿ.ಗ್ರಾಂ. ಇನ್ನೊಂದು ಗಂಟೆಗೆ 17, ಸಂಜೆ 6ಕ್ಕೆ 18. ಡ್ಯಾಪ್ಸೋನ್‌ನಲ್ಲೋ ನೈಟ್ರೈಟ್‌ನಲ್ಲೋ ಆದರೆ ಮೊದಲ ಡೋಸಿಗೇ ತುಟಿ ಕೆಂಪಾಗುವುದನ್ನು ನೋಡಿದವರಿಗೆ ಇದು ನಿರಾಸೆ. ಕಾರಣ ತಾಮ್ರದಲ್ಲೇ ಇದೆ. ಮೆಥಿಲಿನ್ ಬ್ಲೂ ತಾನೇ ಕೆಲಸ ಮಾಡುವುದಿಲ್ಲ. ಕೆಂಪು ರಕ್ತಕಣದೊಳಗೆ ಎನ್‌ಎಡಿಪಿಎಚ್ ಎಂಬ ಸಹಾಯಕ ಅಣು ಸಿಕ್ಕಿ ಅದು ಬಣ್ಣವಿಲ್ಲದ ರೂಪಕ್ಕೆ ತಿರುಗಿದ ಮೇಲೆ ಮೆಟ್‌ಹೀಮೊಗ್ಲೋಬಿನ್ನನ್ನು ಸರಿಪಡಿಸುತ್ತದೆ. ಆ ಎನ್‌ಎಡಿಪಿಎಚ್ ಬರುವುದು ಜಿ6ಪಿಡಿ ಕಿಣ್ವದ ದಾರಿಯಿಂದ. ತಾಮ್ರ ಹೊಡೆಯುವುದು ಅದೇ ಕಿಣ್ವವನ್ನು, ಜೊತೆಗೆ ಕಣವನ್ನು ಕಾಯುವ ಗ್ಲುಟಾಥಯೋನನ್ನೂ ತಿನ್ನುತ್ತದೆ. ಒನಕೆ ಕೊಟ್ಟು ಒರಳು ಕಿತ್ತುಕೊಂಡ ಹಾಗೆ. ಮೇಲಾಗಿ ಕಣ ಒಡೆದು ಪ್ಲಾಸ್ಮಾಕ್ಕೆ ಸೋರಿದ ಮೆಟ್‌ಹೀಮೊಗ್ಲೋಬಿನ್ ಔಷಧಕ್ಕೆ ಸಿಗುವುದೇ ಇಲ್ಲ.

ಇನ್ನೊಂದು ಡೋಸ್ ಕೊಡೋಣವೇ? ಒಟ್ಟು ಮಿತಿ ಕೆ.ಜಿ.ಗೆ 7 ಮಿ.ಗ್ರಾಂ, ಕೊಟ್ಟದ್ದು 2 ಮಾತ್ರ. ಲೆಕ್ಕದಲ್ಲಿ ಜಾಗವಿದೆ. ಆದರೆ ತಿರುಗದೆ ಉಳಿದ ಮೆಥಿಲಿನ್ ಬ್ಲೂ ತಾನೇ ಆಕ್ಸಿಡೈಸ್ ಮಾಡುವ ವಸ್ತು. ಮೆಟ್‌ಹೀಮೊಗ್ಲೋಬಿನ್ನನ್ನೂ ಕಣ ಒಡೆಯುವುದನ್ನೂ ಅದು ಹೆಚ್ಚಿಸಬಹುದು. ಎರಡನೇ ಡೋಸಿಗೆ ನಾಲ್ಕೇ ಅಂಕ ಇಳಿದದ್ದನ್ನು ನೋಡಿ ಮೂರನೆಯದನ್ನು ತಡೆದರು. ನಮ್ಮ ಎಣಿಕೆಯಲ್ಲಿ ಇಡೀ ಪ್ರಕರಣದ ಒಳ್ಳೆಯ ನಿರ್ಧಾರ ಇದೇ. ಬದಲಿಗೆ ಎರಡು ಯೂನಿಟ್ ಕೆಂಪು ರಕ್ತಕಣ ತರಿಸಿದರು. ಹೊಸ ಕಣಗಳೊಂದಿಗೆ ಕೆಡದ ಕಿಣ್ವವೂ ಬರುತ್ತದೆ, ಆಕ್ಸಿಜನ್ ಹೊರುವ ಶಕ್ತಿಯೂ. ಮೆಟ್‌ಹೀಮೊಗ್ಲೋಬಿನ್ ಮತ್ತೆ ಏರಿದ್ದರೆ ಎಕ್ಸ್‌ಚೇಂಜ್ ಟ್ರಾನ್ಸ್‌ಫ್ಯೂಷನ್ (ರೋಗಿಯ ರಕ್ತ ತೆಗೆಯುತ್ತ ದಾನಿಯ ರಕ್ತ ತುಂಬುವುದು) ಮುಂದಿನ ಮೆಟ್ಟಿಲಾಗಿತ್ತು. ಜಿ6ಪಿಡಿ ಪರೀಕ್ಷೆಗೆ ರಕ್ತ ತೆಗೆದದ್ದು ಟ್ರಾನ್ಸ್‌ಫ್ಯೂಷನ್‌ಗೆ ಮೊದಲು. ಮರೆತಿದ್ದರೆ ವರದಿ ದಾನಿಯದಾಗುತ್ತಿತ್ತು.

ರಾತ್ರಿ: ಮೂತ್ರದ ಬಣ್ಣ ನಂಬಬೇಡಿ

ರಕ್ತಕಣ ಒಡೆಯುವುದನ್ನು ಮೂತ್ರದ ಬಣ್ಣದಲ್ಲಿ ಹಿಡಿಯುವುದು ಎಲ್ಲರಿಗೂ ಗೊತ್ತು. ಈ ರೋಗಿಯಲ್ಲಿ ಅದು ಕೈಕೊಡುತ್ತದೆ, ಮೆಥಿಲಿನ್ ಬ್ಲೂ ಹೋದ ಮೇಲೆ ಮೂತ್ರ ಹಸಿರು. ಚೀಲದಲ್ಲಿ ಹಸಿರು ಕಂಡು ‘ಔಷಧದ ಬಣ್ಣ’ ಎಂದು ಸುಮ್ಮನಾದರೆ ಅದರೊಳಗಿನ ಕೋಕಂ ಬಣ್ಣ ತಪ್ಪಿಹೋಗುತ್ತದೆ.

ನೋಡಬೇಕಾದದ್ದು ಪಿಸಿವಿ. ರಾತ್ರಿ 8ಕ್ಕೆ ಹೀಮೊಗ್ಲೋಬಿನ್ 12.1, ಪಿಸಿವಿ 31. ಮಾಮೂಲಿನಂತೆ ಪಿಸಿವಿ ಹೀಮೊಗ್ಲೋಬಿನ್ನಿನ ಮೂರು ಪಟ್ಟು ಇರಬೇಕು, 36ರ ಹತ್ತಿರ. ಆ ಐದು ಅಂಕ ಎಲ್ಲಿ ಹೋಯಿತು? ಒಡೆದ ಕಣಗಳ ಹೀಮೊಗ್ಲೋಬಿನ್ ಪ್ಲಾಸ್ಮಾದಲ್ಲಿ ತೇಲುತ್ತಿದೆ, ಯಂತ್ರ ಅದನ್ನೂ ಸೇರಿಸಿ ಎಣಿಸುತ್ತಿದೆ. ತಿರುಗಿಸಿದ ಟ್ಯೂಬಿನ ಮೇಲ್ಭಾಗ ಒಣಹುಲ್ಲಿನ ಬಣ್ಣದಲ್ಲಿರಬೇಕಿತ್ತು, ಕೆಂಪುಗಂದಾಗಿತ್ತು. ಮರುದಿನ ಬೆಳಿಗ್ಗೆ 6ಕ್ಕೆ, ಎರಡು ಯೂನಿಟ್ ಹೋದ ಮೇಲೂ, ಹೀಮೊಗ್ಲೋಬಿನ್ 8.6, ಪಿಸಿವಿ 22, ಕಣ ಒಡೆದಾಗ ಏರುವ ಎಲ್‌ಡಿಎಚ್ 3,840, ಪರೋಕ್ಷ ಬಿಲಿರುಬಿನ್ 5.2, ಕೂಂಬ್ಸ್ (ಪ್ರತಿಕಾಯಗಳಿಂದ ಕಣ ಒಡೆಯುತ್ತಿದೆಯೇ ಎಂಬ ಪರೀಕ್ಷೆ) ನೆಗೆಟಿವ್. ಮೊದಲ ದಿನ 13.8 ಇತ್ತೆಂದು ವಾರ್ಡಿಗೆ ಕಳಿಸಿ, ಮರುದಿನ ಒಂದೇ ಸಲ ರಕ್ತ ತೆಗೆಯುವ ರೂಢಿ ಈ ವಿಷದಲ್ಲಿ ನಡೆಯುವುದಿಲ್ಲ. ಮೊದಲ 48 ಗಂಟೆ ಆರು ಗಂಟೆಗೊಮ್ಮೆ ಪಿಸಿವಿ, ಪೊಟ್ಯಾಸಿಯಂ. ರಕ್ತದ ತಾಮ್ರದ ಮಟ್ಟಕ್ಕೆ ಮಾದರಿ ಕಳಿಸಿರಿ, ಆದರೆ ವರದಿಗೆ ಕಾಯಬೇಡಿ.

20ನೇ ಗಂಟೆಗೆ ಎಂಡೋಸ್ಕೋಪಿ ಆಯಿತು. ಜಠರದ ಕೆಳಭಾಗದಲ್ಲಿ ಮೇಲ್ಪದರದ ಹುಣ್ಣು, ಜರ್ಗರ್ ಶ್ರೇಣಿಯಲ್ಲಿ 2ಎ. ತೂತಿಲ್ಲ. ದ್ರವಾಹಾರಕ್ಕೆ ಅನುಮತಿ ಸಿಕ್ಕಿತು.

ಮೂತ್ರಪಿಂಡ

ಮೊದಲ ದಿನ ಗುರಿ ಗಂಟೆಗೆ 60 ಮಿ.ಲೀ. ಮೂತ್ರ, ಕೆ.ಜಿ.ಗೆ ಸುಮಾರು 1 ಮಿ.ಲೀ. ಸಲೈನ್ ಗಂಟೆಗೆ 200 ಮಿ.ಲೀ. ಓಡಿತು. ರಾತ್ರಿ 2ರ ಹೊತ್ತಿಗೆ ಮೂತ್ರ ಗಂಟೆಗೆ 15ಕ್ಕೆ ಇಳಿಯಿತು, ಸಲೈನ್ ಮಾತ್ರ ಅದೇ ವೇಗದಲ್ಲಿ ಬೆಳಗಿನವರೆಗೆ ಓಡಿತು. ಆರ್ಡರ್ ಬದಲಾಗಿರಲಿಲ್ಲ. ಬೆಳಿಗ್ಗೆ ಎದೆಯ ಬುಡದಲ್ಲಿ ಚರಚರ ಸದ್ದು, ಸ್ಯಾಚುರೇಷನ್ 88. ಈಗ ಇದು ಮೆಟ್‌ಹೀಮೊಗ್ಲೋಬಿನ್ನೋ, ನೀರು ತುಂಬಿದ ಶ್ವಾಸಕೋಶವೋ? ಎಬಿಜಿ ಬಿಡಿಸಿ ಹೇಳಿತು: ಮೆಟ್‌ಹೀಮೊಗ್ಲೋಬಿನ್ 9ಕ್ಕೆ ಇಳಿದಿದೆ, ಆಕ್ಸಿಜನ್ ಒತ್ತಡ 58. ಅಂದರೆ ಶ್ವಾಸಕೋಶ. ಫ್ಲೂಯಿಡ್ ನಿಲ್ಲಿಸಿ, 80 ಮಿ.ಗ್ರಾಂ ಫ್ರುಸಮೈಡ್ ಕೊಟ್ಟು, ಬೈಪ್ಯಾಪ್ (ಮಾಸ್ಕಿನಿಂದ ಒತ್ತಡದ ಗಾಳಿ ಕೊಡುವ ಯಂತ್ರ) ಹಾಕಿದರು. ಎರಡು ಗಂಟೆ ಸತತ ಮೂತ್ರ ಬಾರದಿದ್ದರೆ ಫ್ಲೂಯಿಡ್ ತಾನಾಗಿ ನಿಲ್ಲಬೇಕು ಎಂದು ಆರ್ಡರಿನಲ್ಲೇ ಬರೆದಿಡುವುದು ಇದಕ್ಕೇ.

ಕ್ರಿಯಾಟಿನಿನ್ 24 ಗಂಟೆಗೆ 1.9, 48ಕ್ಕೆ 3.7, 72ಕ್ಕೆ 5.4. ಮೂರನೇ ದಿನ ಒಟ್ಟು ಮೂತ್ರ 220 ಮಿ.ಲೀ., ಪೊಟ್ಯಾಸಿಯಂ 6.3, ಇಸಿಜಿಯಲ್ಲಿ ಚೂಪಾದ ಟಿ ಅಲೆ. ಶೇ 10ರ ಕ್ಯಾಲ್ಸಿಯಂ ಗ್ಲೂಕೊನೇಟ್ 10 ಮಿ.ಲೀ., 10 ಯೂನಿಟ್ ಇನ್ಸುಲಿನ್ ಜೊತೆ 25 ಗ್ರಾಂ ಡೆಕ್ಸ್‌ಟ್ರೋಸ್, ಅದರ ಬೆನ್ನಿಗೇ ಡಯಾಲಿಸಿಸ್. ಡಯಾಲಿಸಿಸ್ ತಾಮ್ರವನ್ನು ತೆಗೆಯುವುದಿಲ್ಲ, ಅಷ್ಟು ಹೊತ್ತಿಗೆ ಅದು ಪ್ರೋಟೀನಿಗೂ ಕಣಗಳಿಗೂ ಅಂಟಿಕೊಂಡಿರುತ್ತದೆ. ಮಾಡುವುದು ಮೂತ್ರಪಿಂಡ ಏಳುವವರೆಗೆ ರೋಗಿಯನ್ನು ಉಳಿಸಿಕೊಳ್ಳಲು.

ತಾಮ್ರವನ್ನು ಹಿಡಿದು ಹೊರಹಾಕುವ ಔಷಧಗಳ ವಿಚಾರ ಪುಸ್ತಕದಲ್ಲಿ ನೇರ, ಮಂಚದ ಬಳಿ ಗೊಂದಲ. ಡಿ-ಪೆನಿಸಿಲಮೈನ್ ಬಾಯಿಯಿಂದಲೇ ಕೊಡಬೇಕು, ಹೊಟ್ಟೆ ಸುಟ್ಟಿರುತ್ತದೆ. ಹೊರಹೋಗುವುದು ಮೂತ್ರದಲ್ಲಿ, ಮೂತ್ರವೇ ಇರುವುದಿಲ್ಲ. ಡೈಮರ್ಕ್ಯಾಪ್ರೋಲ್ ಸ್ನಾಯುವಿಗೆ, ನಾಲ್ಕು ಗಂಟೆಗೊಮ್ಮೆ, ಕೆ.ಜಿ.ಗೆ 3ರಿಂದ 5 ಮಿ.ಗ್ರಾಂ; ಶೇಂಗಾ ಎಣ್ಣೆಯಲ್ಲಿರುತ್ತದೆ, ನೋವಿನ ಚುಚ್ಚು, ಬಿಪಿ ಏರಿಸುತ್ತದೆ, ಎಲ್ಲ ಕಡೆ ಸಿಗುವುದೂ ಇಲ್ಲ. ತಾಮ್ರದ ತೀವ್ರ ವಿಷದಲ್ಲಿ ಇವು ಪ್ರಾಣ ಉಳಿಸುತ್ತವೆ ಎನ್ನಲು ಪುರಾವೆ ತೆಳು. ಇಲ್ಲಿ ಎಂಡೋಸ್ಕೋಪಿ ಆದ ಮೇಲೆ ಪೆನಿಸಿಲಮೈನ್ 250 ಮಿ.ಗ್ರಾಂ ಆರು ಗಂಟೆಗೊಮ್ಮೆ ಶುರುವಾಯಿತು, ಪೆನಿಸಿಲಿನ್ ಅಲರ್ಜಿ ಇಲ್ಲವೆಂದು ಕೇಳಿಕೊಂಡು. ಮೂರನೇ ದಿನ ಮೂತ್ರ ನಿಂತಾಗ ನಿಲ್ಲಿಸಿದರು. ಔಷಧ ಸಿಗಲಿಲ್ಲವೆಂದು ಪರದಾಡುವ ಹೊತ್ತನ್ನು ರಕ್ತ, ಪೊಟ್ಯಾಸಿಯಂ, ಫ್ಲೂಯಿಡ್ ಲೆಕ್ಕಕ್ಕೆ ಕೊಟ್ಟರೆ ರೋಗಿಗೆ ಹೆಚ್ಚು ಲಾಭ.

ನಂತರ

ದಿನ ಬಿಟ್ಟು ದಿನ ಆರು ಡಯಾಲಿಸಿಸ್. 14ನೇ ದಿನ ಮೂತ್ರ ಒಂದು ಲೀಟರ್ ದಾಟಿತು, 18ನೇ ದಿನ ಕ್ರಿಯಾಟಿನಿನ್ 2.1ರೊಂದಿಗೆ ಮನೆಗೆ. ಆರು ವಾರಕ್ಕೆ 1.2. ಮೆಡಿಕೋ ಲೀಗಲ್ ಕೇಸ್ ಮೊದಲ ಗಂಟೆಯಲ್ಲೇ ದಾಖಲಾಗಿತ್ತು. ‘ಗೊತ್ತಿಲ್ಲದೆ ಕುಡಿದೆ’ ಎಂದಿದ್ದರೂ, ಸುತ್ತ ಯಾರೂ ಇಲ್ಲದಾಗ ಮನೋವೈದ್ಯರು ಒಮ್ಮೆ ಮಾತನಾಡಿದರು. ಅಣ್ಣ, ಹೆಂಡತಿ ಮಂಚದ ಪಕ್ಕ ನಿಂತಿರುವಾಗ ಆ ಪ್ರಶ್ನೆಗೆ ನಿಜವಾದ ಉತ್ತರ ಬರುವುದಿಲ್ಲ. ಆರನೇ ವಾರ ‘ಊಟ ಮಾಡಿದ ಮೇಲೆ ಹೊಟ್ಟೆ ಉಬ್ಬರಿಸಿ ವಾಂತಿಯಾಗುತ್ತಿದೆಯೇ’ ಎಂದು ಕೇಳಿದರು, ಜಠರದ ಬಾಯಿ ಕಿರಿದಾಗುವುದು ಇದೇ ಹೊತ್ತಿಗೆ. ಆಗಿರಲಿಲ್ಲ. ಮೊದಲ ದಿನದ ಜಿ6ಪಿಡಿ ವರದಿ ಕಡಿಮೆ ಎಂದು ಬಂದಿತ್ತು. ತಾಮ್ರದಿಂದಲೂ ಹಾಗೆ ಬರಬಹುದಾದ್ದರಿಂದ ಜನ್ಮತಃ ಕೊರತೆ ಎಂದು ಚೀಟಿಯಲ್ಲಿ ಬರೆಯಲಿಲ್ಲ. ಮೂರು ತಿಂಗಳ ಮೇಲೆ ಮತ್ತೆ ಮಾಡಿಸಿದಾಗ ಮಾಮೂಲು.

ಕಲಿಸುವವರಿಗೆ

ಈ ಪ್ರಕರಣವನ್ನು ಸ್ಲೈಡ್ ಹಾಕಿ ಹೇಳುವುದಕ್ಕಿಂತ ಮೇಜಿನ ಮೇಲೆ ಮಾಡಿ ತೋರಿಸಿದರೆ ಉಳಿಯುತ್ತದೆ, ಇಂಟರ್ನ್‌ಗಳಿಗೆ 40 ನಿಮಿಷ ಸಾಕು. ಗ್ಲೌಸ್ ಹಾಕಿ, 100 ಮಿ.ಲೀ. ನೀರಿನಲ್ಲಿ 1 ಗ್ರಾಂ ತುತ್ತ ಕರಗಿಸಿ, ಎರಡು ಹನಿ ನಿಂಬೆರಸ ಬಿಟ್ಟು ಕಿಡ್ನಿ ಟ್ರೇಯಲ್ಲಿಡಿ. ಉಜ್ಜಿದ ಮೊಳೆಯನ್ನು ಅವರೇ ಅದ್ದಲಿ. ರೋಗಿಯ ಅಣ್ಣನ ಪಾತ್ರವನ್ನು ಊರಿನ ಮಾತು ಬಲ್ಲ ಗ್ರೂಪ್ ಡಿ ಸಿಬ್ಬಂದಿಗೆ ಕೊಡಿ, ‘ಔಷಧಿ’ ಎಂಬ ಮಾತನ್ನು ಮೂರು ಸಲ ಕೇಳುವವರೆಗೆ ಬಿಡಿಸಿ ಹೇಳಬಾರದೆಂಬ ಸೂಚನೆಯೊಂದಿಗೆ. ಸ್ಯಾಚುರೇಷನ್ ಅಂಕಿಯನ್ನು ನೀವೇ ಬೋರ್ಡಿನ ಮೇಲೆ ಬರೆಯುತ್ತ ಹೋಗಿ: ಅವರು ಏನೇ ಮಾಡಲಿ 85, ಮೆಥಿಲಿನ್ ಬ್ಲೂ ಎಂದ ಕೂಡಲೇ 63. ಆ 63ಕ್ಕೆ ಯಾರು ಲ್ಯಾರಿಂಗೋಸ್ಕೋಪ್ ಕೇಳುತ್ತಾರೋ ನೋಡಿಕೊಳ್ಳಿ, ಮರುವಾರ ಮತ್ತೆ ಅವರಿಂದಲೇ ಶುರುಮಾಡಿ. ಕೊನೆಗೆ ಓಟಿಗೆ ಕರೆದುಕೊಂಡು ಹೋಗಿ ಆಂಪೂಲ್ ಯಾವ ಕಪಾಟಿನ ಯಾವ ಅರೆಯಲ್ಲಿದೆ ಎಂದು ತೋರಿಸಿ, ಅವಧಿ ಮುಗಿಯುವ ತಿಂಗಳನ್ನು ಅವರ ಕೈಯಲ್ಲೇ ಓದಿಸಿ.